ಹೇಮಕೂಟದ ವಿರೂಪಾಕ್ಷ : ಹರಿಹರನ ಅಂಕಿತವೂ ಅರಸರ ಒಪ್ಪವೂ

ವಿಜಯನಗರದ ಅರಸರ ತಾಮ್ರಶಾಸನಗಳನ್ನು ಓದಿದವರಿಗೆ ಅವುಗಳ ಕಡೆಯ ಸಾಲು ಚೆನ್ನಾಗಿ ಪರಿಚಿತವಾಗಿರುತ್ತದೆ. ಶಾಸನದ ಮೈಯೆಲ್ಲ ಸಂಸ್ಕೃತ ಶ್ಲೋಕಗಳಲ್ಲಿ, ನಂದಿನಾಗರಿ ಲಿಪಿಯಲ್ಲಿ, ವಂಶದ ಮೂಲಪುರುಷರಿಂದ ಹಿಡಿದು ದಾನ ಪಡೆದವರ ಗೋತ್ರಸೂತ್ರಗಳ ವರೆಗೆ ಹರಿದುಬಂದು, ಒಪ್ಪ ಹಾಕುವ ಸ್ಥಳಕ್ಕೆ ಮುಟ್ಟಿದೊಡನೆ ಲಿಪಿಯೂ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಅಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ, ಅರಸನ ಹೆಸರಿರುವುದಿಲ್ಲ. ಭೂಮಿಯನ್ನು ಕೊಟ್ಟವನು ಅರಸನಾದರೂ ಕೊಟ್ಟೆನೆಂದು ಕೈಬರೆಹ ಹಾಕುವವನು ತುಂಗಭದ್ರೆಯ ತಡಿಯ ಹೇಮಕೂಟದ ದೇವರು.

ಈ ಸಂಗತಿಯನ್ನು ನಮ್ಮ ಇತಿಹಾಸಕಾರರು ಹಲವು ಸಲ ಎತ್ತಿ ಹೇಳಿದ್ದಾರೆ. ಅದರಿಂದ ವಿರೂಪಾಕ್ಷನು ಸಾಮ್ರಾಜ್ಯದ ಅಧಿದೈವತವೆಂಬ ಮಾತು ರೂಢವಾಗಿದೆ. ಇದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಈ ಮಾತು ಸಾಹಿತ್ಯವಿಮರ್ಶೆಯೊಳಗೆ ಕಾಲಿಟ್ಟು ಅಲ್ಲಿ ಒಂದು ತಪ್ಪು ದಾರಿಯನ್ನು ಹಾಕಿಕೊಟ್ಟಿದೆ. ಹಂಪೆಯ ಹರಿಹರನ ಕಾವ್ಯಗಳನ್ನು ಬೋಧಿಸುವಾಗ ‘ಮುಂದೆ ಮಹಾಸಾಮ್ರಾಜ್ಯಕ್ಕೆ ಆಶ್ರಯವಾಗಲಿದ್ದ ದೇವರನ್ನು ಕವಿಯು ಮೊದಲೇ ಕೊಂಡಾಡಿದನು’ ಎಂಬ ಅರ್ಥದ ಮಾತನ್ನು ಪಾಠಗಳಲ್ಲಿಯೂ ಪೀಠಿಕೆಗಳಲ್ಲಿಯೂ ಕೇಳುತ್ತೇವೆ. ಹೀಗೆ ಹೇಳಿದಾಗ ಹರಿಹರನು ಅರಸರಿಗೆ ಮುಂಬರಿದ ಹೊಗಳುಭಟ್ಟನಂತೆ ಕಾಣತೊಡಗುತ್ತಾನೆ. ವಾಸ್ತವವಾಗಿ ಅವನ ವಿರೂಪಾಕ್ಷನು ಅರಸರಿಂದ ತಪ್ಪಿಸಿಕೊಂಡು ಬಂದವನಿಗೆ ಆಸರೆಯಾದ ದೇವರು. ಕವಿಯ ಅಂಕಿತಕ್ಕೂ ಅರಸರ ಒಪ್ಪಕ್ಕೂ ರೂಪದಲ್ಲಿ ಸಾಮ್ಯವುಂಟು, ಅಭಿಪ್ರಾಯದಲ್ಲಿ ವಿರೋಧವುಂಟು. ಇವೆರಡನ್ನೂ ಒಟ್ಟಿಗೆ ಹಿಡಿಯದೆ ಹರಿಹರನನ್ನು ಓದುವುದು ಸಾಧ್ಯವಿಲ್ಲವೆಂಬುದೇ ಪ್ರಕೃತ ಲೇಖದ ವಾದ.

ಮೊದಲು ಸ್ಥಳದ ಮಾತು. ಈಗ ಪೂಜೆಗೊಳ್ಳುವ ದೊಡ್ಡ ದೇವಾಲಯವು ಹೇಮಕೂಟದ ಉತ್ತರದ ಬುಡದಲ್ಲಿ, ಹೊಳೆಗೆ ಸಮೀಪವಾಗಿದೆ. ಬೆಟ್ಟದ ಮೇಲೆ ಮೂಲವಿರೂಪಾಕ್ಷನೆಂದು ಜನರು ಕರೆಯುವ ಸಣ್ಣ ಗುಡಿಯೊಂದಿದೆ. ಬಂಡೆಯ ಇಳಿಜಾರಿನುದ್ದಕ್ಕೂ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಹಳೆಯ ಗುಡಿಗಳು ಹರಡಿವೆ. ಈ ಶಿಖರಗಳ ರೀತಿಯನ್ನು ಕಂಡು ಹಿಂದಿನ ಬರೆಹಗಾರರು ಇವನ್ನು ಜೈನ ಬಸದಿಗಳೆಂದು ಕರೆದರು. ಇವು ಶೈವ ಗುಡಿಗಳೆಂಬುದು ಈಗ ಸ್ಥಿರವಾಗಿದೆ. ಇವುಗಳಲ್ಲಿ ಬಹಳಷ್ಟು ವಿಜಯನಗರಕ್ಕಿಂತ ಹಳೆಯವು. ಸ್ಥಳಪುರಾಣದ ಪ್ರಕಾರ ಬ್ರಹ್ಮನ ಮಗಳಾದ ಪಂಪೆಯು ಇಲ್ಲಿ ತಪಸ್ಸು ಮಾಡಿ ಶಿವನನ್ನು ಮೆಚ್ಚಿಸಿದಳು. ಆಗ ಹೊನ್ನಿನ ಮಳೆ ಸುರಿದುದರಿಂದ ಬೆಟ್ಟಕ್ಕೆ ಹೇಮಕೂಟವೆಂಬ ಹೆಸರಾಯಿತು. ಶಿವನು ಕಾಮನನ್ನು ಸುಟ್ಟದ್ದೂ ಇಲ್ಲಿಯೇ ಎಂದು ಕ್ಷೇತ್ರದವರು ನಂಬುತ್ತಾರೆ. ಮಾರ್ಗಶಿರದಲ್ಲಿ ನಿಶ್ಚಯದ ಫಲಪೂಜೆ, ಚೈತ್ರದಲ್ಲಿ ಕಲ್ಯಾಣೋತ್ಸವ ಹಾಗೂ ತೇರು — ಹೀಗೆ ವರ್ಷದ ಎರಡು ದೊಡ್ಡ ಹಬ್ಬಗಳೂ ಈ ಮದುವೆಯ ಸುತ್ತಲೇ ಇವೆ. ಹಳೆಯ ದಾಖಲೆಗಳಲ್ಲಿ ಮೊದಲು ಕಾಣುವ ಹೆಸರು ವಿರೂಪಾಕ್ಷನದಲ್ಲ, ಪಂಪೆಯದು. 7ನೆಯ ಶತಮಾನದ ಕಡೆಯಲ್ಲಿ ಬಾದಾಮಿಯ ಚಾಲುಕ್ಯ ವಿನಯಾದಿತ್ಯನ ತಾಮ್ರಶಾಸನವು ಪಂಪೆಯ ತೀರ್ಥವನ್ನು ಹೆಸರಿಸುತ್ತದೆ. ಊರಿನ ಹೆಣ್ಣುದೈವಕ್ಕೆ ಶಿವನು ಗಂಡನಾಗಿ ಬಂದನೆಂಬ ಸಂಶೋಧಕರ ಊಹೆಗೆ ಇದರಿಂದ ಬಲ ಬರುತ್ತದೆ. ‘ಹಂಪೆ’ ಎಂಬುದೂ ಅವಳ ಹೆಸರೇ. ದೇವರು ತನ್ನ ಹೆಂಡತಿಯ ಊರಿನಲ್ಲಿದ್ದಾನೆಂದರೆ ತಪ್ಪಾಗದು.

ವಿಜಯನಗರಕ್ಕೆ ಮೊದಲೂ ಈ ಬೆಟ್ಟಕ್ಕೆ ಅರಸರು ಬಂದಿದ್ದರು. 12ನೆಯ ಶತಮಾನದ ಕಡೆಯಲ್ಲಿ ಕುರುಗೋಡಿನ ಸಿಂದರು ದತ್ತಿ ಬಿಟ್ಟರು. ಕಂಪಿಲಿಯ ಕಂಪಿಲದೇವನು ತನ್ನ ತಂದೆ ಮುಮ್ಮಡಿ ಸಿಂಗೆಯನಾಯಕ ಮೊದಲಾದವರ ಹೆಸರಿನಲ್ಲಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದ ತ್ರಿಕೂಟವು ಹೇಮಕೂಟದ ಮೇಲೆ ಇಂದಿಗೂ ನಿಂತಿದೆ. ಹೊಯ್ಸಳ ಮೂರನೆಯ ಬಲ್ಲಾಳನ ಮಗನ ಹೆಸರು ವಿರೂಪಾಕ್ಷ. ಆದರೆ ಇವರೆಲ್ಲರೂ ದೇವರಿಗೆ ಕೊಟ್ಟವರು, ಇಲ್ಲವೆ ಅವನ ಹೆಸರನ್ನು ಮಕ್ಕಳಿಗೆ ಇಟ್ಟವರು. ತಮ್ಮ ಹೆಸರನ್ನು ತೆಗೆದು ಅವನ ಹೆಸರನ್ನು ಆ ಸ್ಥಳದಲ್ಲಿ ಇಡುವ ಕೆಲಸವು ಬೇರೆ ಜಾತಿಯದು. ಅದನ್ನು ಮೊದಲು ಮಾಡಿದವನು ಅರಸನಲ್ಲ, ಕವಿ.

ಹರಿಹರನು ಹೊಯ್ಸಳ ನರಸಿಂಹನ ಕಾಲದಲ್ಲಿ ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದನೆಂದು ವೀರಶೈವ ಪುರಾಣಗಳು ಹೇಳುತ್ತವೆ. ಆ ನರಸಿಂಹನು ಒಂದನೆಯವನೋ ಎರಡನೆಯವನೋ ಎಂಬ ಚರ್ಚೆಯನ್ನು ಇಲ್ಲಿ ಎತ್ತಬೇಕಾಗಿಲ್ಲ. ಯಾವ ಲೆಕ್ಕದಿಂದಲೂ ಅವನು 1336ಕ್ಕೆ, ಎಂದರೆ ವಿಜಯನಗರದ ಸ್ಥಾಪನೆಗೆ, ನೂರು ವರ್ಷವಾದರೂ ಹಿಂದಿನವನು. ಅರಮನೆಯಲ್ಲಿ ಕುಳಿತಿದ್ದ ಕರಣಿಕನು ಇದ್ದಕ್ಕಿದ್ದಂತೆ ಎರಡೂ ಕೈಗಳನ್ನು ಹೊಸೆದನಂತೆ. ಏಕೆಂದು ಕೇಳಲು, ಹಂಪೆಯಲ್ಲಿ ವಿರೂಪಾಕ್ಷನ ಮುಂದಣ ತೆರೆಗೆ ಬೆಂಕಿ ತಗುಲಿತ್ತು, ನಂದಿಸಿದೆನೆಂದನಂತೆ. ಅರಸನು ಆಳನ್ನಟ್ಟಿ ವಿಚಾರಿಸಲು ಮಾತು ನಿಜವಾಯಿತಂತೆ. ಇದನ್ನು ಪವಾಡವೆಂದು ಬದಿಗಿಡುವವರು ಇಡಲಿ. ಕಥೆ ಕಟ್ಟಿದ ಜನರು ಕವಿಯ ಬಾಳನ್ನು ಹೇಗೆ ಅರ್ಥಮಾಡಿಕೊಂಡರೆಂಬುದಕ್ಕೆ ಮಾತ್ರ ಇದು ಒಳ್ಳೆಯ ಸಾಕ್ಷಿ. ಮೈ ಒಬ್ಬ ಒಡೆಯನ ಚಾವಡಿಯಲ್ಲಿ, ಕೈ ಇನ್ನೊಬ್ಬ ಒಡೆಯನ ಊಳಿಗದಲ್ಲಿ. ಕೊನೆಗೆ ಅವನು ಅರಮನೆಯನ್ನು ಬಿಟ್ಟು ಹಂಪೆಗೆ ಬಂದು ನೆಲಸಿದನು.

‘ಪಂಪಾಶತಕ’ದಲ್ಲಿ ಮನುಷ್ಯರನ್ನು ಹೊಗಳಲಾರೆನೆಂದು ಅವನು ತೊಟ್ಟ ಹಟವು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿದೆ. ಪಾಠವಾದುದರಿಂದಲೇ ಅದರ ಬಿರುಸು ನಮಗೆ ತಗ್ಗಿದಂತಾಗಿದೆ. ಅದನ್ನು ಸಾಮಾನ್ಯ ವೈರಾಗ್ಯದ ಮಾತೆಂದು ತಿಳಿಯಬಾರದು; ಅದು ಕಾವ್ಯರಚನೆಯ ಕಟ್ಟಳೆಯನ್ನೇ ಮುರಿಯುವ ಮಾತು. ಕನ್ನಡ ಚಂಪುವಿನ ತಳಹದಿಯೇ ಅರಸನ ಹೊಗಳಿಕೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ನಂಟುಳ್ಳ ಪಂಪನು 941ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದನು. ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡಿದನು. ಕಥಾನಾಯಕನ ಪೀಠದಲ್ಲಿ ಪುರಾಣದ ವೀರನೂ ಕಾಲದ ಅರಸನೂ ಒಟ್ಟಿಗೆ ಕೂಡುವುದು ಆ ಕಾವ್ಯಪ್ರಕಾರದ ಜೀವಾಳ. ಕವಿಯ ಅನ್ನವೂ ಅಲ್ಲಿಯೇ ಇತ್ತು.

ಈಗ ‘ಗಿರಿಜಾಕಲ್ಯಾಣ’ವನ್ನು ನೋಡಿರಿ. ರಗಳೆಗಳಿಂದ ಹೊಸ ದಾರಿಯನ್ನೇ ತೆರೆದ ಈ ಕವಿಯು ಇಲ್ಲಿ ಹಳೆಯ ಚಂಪುವನ್ನೇ ಕೈಕೊಂಡಿದ್ದಾನೆ. ಹತ್ತು ಆಶ್ವಾಸಗಳು, ಬೆಟ್ಟ, ವಸಂತ, ಕೊಳ, ಬೆಳದಿಂಗಳು ಎಂಬ ವರ್ಣನೆಗಳ ಸಂಭಾರ, ಬಿಗಿದ ವೃತ್ತಗಳು. ಪಂಡಿತರು ಇದನ್ನು ಕಂಡು ಹರಿಹರನಿಗೆ ಮಾರ್ಗಕಾವ್ಯವೂ ಬರುತ್ತಿತ್ತೆಂಬುದಕ್ಕೆ ನಿದರ್ಶನವೆಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ಮನೆಯು ಹಳೆಯದಾದರೂ ಯಜಮಾನನು ಬದಲಾಗಿದ್ದಾನೆಂಬುದನ್ನು ಗಮನಿಸಬೇಕು. ಪೋಷಕನಾದ ಅರಸನು ಕೂಡಬೇಕಾದ ಸ್ಥಳದಲ್ಲಿ ಹಂಪೆಯ ವಿರೂಪಾಕ್ಷನು ಕುಳಿತಿದ್ದಾನೆ. ಕಾವ್ಯವು ಅವನಿಗೆ ಅಂಕಿತ. ಕೇಳುವವನೂ ಅವನೇ, ಮೆಚ್ಚಬೇಕಾದವನೂ ಅವನೇ. ಒಡೆಯ, ಆಳ್ದ, ಅರಸು ಎಂಬ ಪದಗಳನ್ನು ಹರಿಹರನು ಬಿಟ್ಟವನಲ್ಲ. ಅವುಗಳನ್ನು ಅರಮನೆಯಿಂದ ಕಿತ್ತು ತಂದು ಬೆಟ್ಟದ ಬುಡದಲ್ಲಿ ನೆಟ್ಟಿದ್ದಾನೆ. ಪೀಠವನ್ನು ಹಾಗೆಯೇ ಇಟ್ಟು ಕೂಡುವವನನ್ನು ಬದಲಿಸುವ ಈ ಉಪಾಯವು, ಅರಸರನ್ನು ಬಯ್ಯುವ ನೂರು ಪದ್ಯಗಳಿಗಿಂತ ಹೆಚ್ಚು ಪೆಟ್ಟು ಕೊಡುವಂಥದು.

ಕಥೆಯ ಆಯ್ಕೆಯನ್ನೂ ಹೀಗೆಯೇ ಪರಿಶೀಲಿಸಬಹುದು. ಹಂಪೆಯಲ್ಲಿ ಕುಳಿತ ಕವಿಯು ಹಂಪೆಯ ಪಂಪೆಯ ಮದುವೆಯನ್ನು ಹೇಳದೆ ಹಿಮವಂತನ ಮಗಳ ಮದುವೆಯನ್ನೇಕೆ ಹೇಳಿದನು? ಪಂಪೆಯೇ ಪಾರ್ವತಿಯೆಂದು ಕ್ಷೇತ್ರದ ನಂಬಿಕೆಯಿರುವುದರಿಂದ ಇಬ್ಬರೂ ಒಬ್ಬಳೇ ಎಂದು ಸುಲಭವಾಗಿ ಉತ್ತರ ಕೊಡಬಹುದು. ಅದು ಅರ್ಧ ಉತ್ತರ. ಗಿರಿಜೆಯ ಕಥೆಯಲ್ಲಿ ಒಬ್ಬ ಅರಸನಿದ್ದಾನೆ, ಅವನು ಬೆಟ್ಟಗಳ ಅರಸ. ಐಶ್ವರ್ಯವೆಲ್ಲ ಅವನದು, ವರನಿಗೆ ಮನೆಯೂ ಇಲ್ಲ. ಮಗಳು ಅರಮನೆಯನ್ನು ಬಿಟ್ಟು ತಪಸ್ಸಿಗೆ ಹೋಗುತ್ತಾಳೆ. ಕೊನೆಗೆ ಅರಸನೇ ಕೈಮುಗಿದು ಮನೆಯಿಲ್ಲದವನಿಗೆ ಮಗಳನ್ನು ಧಾರೆಯೆರೆಯುತ್ತಾನೆ. ದೋರಸಮುದ್ರವನ್ನು ಬಿಟ್ಟು ಬಂದವನಿಗೆ ಈ ಕಥೆಯು ಹಿಡಿಸಿದುದರಲ್ಲಿ ಆಶ್ಚರ್ಯವಿಲ್ಲ.

‘ಬಸವರಾಜದೇವರ ರಗಳೆ’ಯಲ್ಲಿ ಇದೇ ಸಂಕಟವು ಮುಚ್ಚುಮರೆಯಿಲ್ಲದೆ ಬಂದಿದೆ. ಕೂಡಲಸಂಗಮದಲ್ಲಿ ನೆಮ್ಮದಿಯಾಗಿದ್ದ ಬಸವನಿಗೆ ಸಂಗಮನಾಥನು ಕನಸಿನಲ್ಲಿ ಬಂದು ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡುತ್ತಾನೆ. ಬಸವನು ಹಿಗ್ಗುವುದಿಲ್ಲ, ತಾಯಿಯನ್ನಗಲುವ ಎಳೆಯನಂತೆ ಅಳುತ್ತಾನೆ. ನಂದಿಯ ಬಾಯಿಂದ ಲಿಂಗವು ಅವನ ಕೈಸೇರಿದ ಮೇಲೆಯೇ ಅವನಿಗೆ ಹೊರಡುವ ಧೈರ್ಯ ಬರುವುದು. ಅರಸನ ಭಂಡಾರವನ್ನು ನೋಡಿಕೊಳ್ಳುವವನು ಎರಡು ಒಡೆತನಗಳ ನಡುವೆ ಹೇಗೆ ಬಾಳಬೇಕೆಂಬ ಪ್ರಶ್ನೆಯನ್ನು ಈ ರಗಳೆಯಷ್ಟು ಒಳಹೊಕ್ಕು ಕೇಳಿದ ಕೃತಿಯು ನಮ್ಮ ಹಳೆಯ ಸಾಹಿತ್ಯದಲ್ಲಿ ವಿರಳ. ಕರಣಿಕನಾಗಿದ್ದವನೇ ಇದನ್ನು ಬರೆದನೆಂದು ನಂಬಲು ಪುರಾಣಗಳ ಹಂಗು ನಮಗೆ ಬೇಕಿಲ್ಲ.

ಹರಿಹರನ ಸೋದರಳಿಯನಾದ ರಾಘವಾಂಕನ ಸಂಗತಿಯು ಸ್ವಲ್ಪ ಬೇರೆ. ‘ಹರಿಶ್ಚಂದ್ರ ಕಾವ್ಯ’ದ ನಾಯಕನು ಅರಸ. ಅವನು ಬೇಟೆಯ ದಾರಿಯಲ್ಲಿ ಪಂಪಾಕ್ಷೇತ್ರಕ್ಕೆ ಬಂದು ವಿರೂಪಾಕ್ಷನನ್ನು ಪೂಜಿಸುತ್ತಾನೆ. ಆಮೇಲೆಯೇ ಅವನ ಕೇಡಿನ ದಿನಗಳು ಮೊದಲಾಗುತ್ತವೆ. ಮನುಷ್ಯನಾದ ಅರಸನನ್ನು ಹೊಗಳಿದನೆಂದು ಸೋದರಮಾವನು ಸಿಟ್ಟಾಗಿ ಪಾದರಕ್ಷೆಯಿಂದ ಹೊಡೆದನೆಂದೂ ಅಳಿಯನ ಹಲ್ಲುಗಳು ಬಿದ್ದುವೆಂದೂ ಪ್ರಾಯಶ್ಚಿತ್ತಕ್ಕಾಗಿ ಅವನು ಶರಣರ ಚರಿತ್ರೆಗಳನ್ನು ಬರೆದನೆಂದೂ ಕಥೆಯುಂಟು. ವಿಮರ್ಶಕರು ಈ ಕಥೆಯನ್ನು ನಕ್ಕು ಬಿಡುವುದೇ ಹೆಚ್ಚು. ನಮಗೆ ತೋರುವಂತೆ ಇದರಲ್ಲಿ ಕನ್ನಡ ಕಾವ್ಯಮೀಮಾಂಸೆಯ ಒಂದು ನಿಜವಾದ ಜಗಳ ಅಡಗಿದೆ. ಅರಸನು ದೇವರ ಮುಂದೆ ತಲೆಬಾಗಿದರೆ ಅವನು ಕಾವ್ಯಕ್ಕೆ ಯೋಗ್ಯನಾಗುವನೇ? ಮಾವನು ಅಲ್ಲವೆಂದನು. ಅಳಿಯನು, ಎಲ್ಲವನ್ನೂ ಕಳೆದುಕೊಂಡು ಸುಡುಗಾಡು ಕಾಯುವ ವರೆಗೆ ಇಳಿದರೆ ಆಗಬಹುದೆಂದನು. ವಿಜಯನಗರದ ಅರಸರು ಆ ಬೆಟ್ಟದ ಬಳಿಗೆ ಬಂದಾಗ ಅಲ್ಲಿ ಈ ಜಗಳವಾಗಲೇ ನಡೆದುಹೋಗಿತ್ತು. ಮೊದಲನೆಯ ಅರಸನ ಹೆಸರೂ ಹರಿಹರನೆಂಬುದು ಕಾಕತಾಳೀಯ. ಪರೀಕ್ಷೆಯಲ್ಲಿ ಇಬ್ಬರನ್ನೂ ಕಲಸಿಬಿಡುವ ಹುಡುಗರ ಮೇಲೆ ಉಪಾಧ್ಯಾಯರು ಸಿಟ್ಟಾಗಬಾರದು.

ಇನ್ನು ಒಪ್ಪದ ವಿಚಾರ. ಇದನ್ನು ಅರಸರ ಸ್ವಂತ ಭಕ್ತಿಯ ಗುರುತೆಂದು ಹೇಳುವುದು ಸಾಲದು. ಸಂಗಮ ವಂಶದವರು ಶೈವರಾಗಿದ್ದುದರಿಂದ ಅವರ ಮಟ್ಟಿಗೆ ಈ ಮಾತು ಹೊಂದೀತು. ಆದರೆ ತುಳುವ ವಂಶದ ಕೃಷ್ಣದೇವರಾಯನು ತಿರುಮಲೆಯ ದೇವರ ಭಕ್ತ, ‘ಆಮುಕ್ತಮಾಲ್ಯದ’ವನ್ನು ಅವನಿಗೇ ಅರ್ಪಿಸಿದವನು, ಅಚ್ಯುತರಾಯನೂ ಸದಾಶಿವರಾಯನೂ ವಿಷ್ಣುಭಕ್ತರೇ. ಇವರ ತಾಮ್ರಶಾಸನಗಳ ಕೊನೆಯಲ್ಲಿಯೂ ‘ಶ್ರೀ ವಿರೂಪಾಕ್ಷ’ ಎಂದೇ ಇದೆ. ಎಂದ ಮೇಲೆ ಈ ಹೆಸರು ಅರಸನ ಇಷ್ಟದೈವವನ್ನು ಸೂಚಿಸುವುದಲ್ಲ, ಅರಸುತನದ ಒಡೆಯನನ್ನು ಸೂಚಿಸುವುದು. ಕುಳಿತವನು ಯಾರಾದರೂ ಆಗಲಿ, ಪೀಠದ ಹೆಸರು ವಿರೂಪಾಕ್ಷ. ಹರಿಹರನ ಚಂಪುವಿನಲ್ಲಿ ನಡೆದ ಬದಲಾವಣೆಯ ರೂಪವೇ ಇದು. ಕವಿಯ ಕೃತಿಯನ್ನು ಓದಿ ಅರಸರು ಹೀಗೆ ಮಾಡಿದರೆಂದು ನಾವು ಹೇಳುವುದಿಲ್ಲ. ದೇವರನ್ನು ಭೂಮಿಯ ಒಡೆಯನೆಂದು ಬಗೆಯುವ ರೂಢಿಯು ಭರತಖಂಡದಲ್ಲಿ ಬೇರೆಡೆಯೂ ಉಂಟು. ಒರಿಸ್ಸಾದ ಅರಸರು ಪುರಿಯ ಜಗನ್ನಾಥನ ಸೇವಕರೆನಿಸಿಕೊಂಡುದು ಪ್ರಸಿದ್ಧವಾಗಿದೆ. ಆದರೆ ಹಂಪೆಯಲ್ಲಿ ವಿರೂಪಾಕ್ಷನನ್ನು ಅರಸನೆಂದು ಕರೆಯುವ ಭಾಷೆಯು ಅರಸರು ಬರುವ ಮೊದಲೇ ಕನ್ನಡದಲ್ಲಿ ಸಿದ್ಧವಾಗಿತ್ತು, ಒಪ್ಪವೂ ಕನ್ನಡ ಅಕ್ಷರಗಳಲ್ಲಿಯೇ ಬಿತ್ತು.

ಆದರೆ ಅಭಿಪ್ರಾಯವು ತಿರುವುಮುರುವಾಯಿತು. ಹರಿಹರನು ಅರಸನನ್ನು ಹೊರಗಿಡುವುದಕ್ಕಾಗಿ ದೇವರ ಹೆಸರನ್ನು ಬರೆದನು. ಅರಸರು ತಮ್ಮ ಕೊಡುಗೆಗೆ ಅಳುಕದ ಬಲ ಬರಲೆಂದು ಅದೇ ಹೆಸರನ್ನು ಬರೆದರು. ದೇವರ ಕೈಬರೆಹವಿರುವ ದಾನವನ್ನು ಮುಂದೆ ಬರುವ ಅರಸನು ಹೇಗೆ ಅಳಿಸಬಲ್ಲನು? ಒಂದು ಕಡೆ ಹೆಸರು ಅರಸುತನಕ್ಕೆ ಬೇಲಿ; ಇನ್ನೊಂದು ಕಡೆ ಅರಸುತನಕ್ಕೆ ಕವಚ.

ಕೃಷ್ಣದೇವರಾಯನು ಪಟ್ಟವೇರಿದ ಸಂದರ್ಭದಲ್ಲಿ, 1509–10ರಲ್ಲಿ, ವಿರೂಪಾಕ್ಷನ ಗುಡಿಯಲ್ಲಿ ರಂಗಮಂಟಪವನ್ನು ಕಟ್ಟಿಸಿ, ಗೋಪುರದ ಕೆಲಸ ಮಾಡಿಸಿ, ನವರತ್ನದ ಹೊನ್ನಿನ ತಾವರೆಯನ್ನೂ ನಾಗಾಭರಣವನ್ನೂ ಅರ್ಪಿಸಿದನೆಂದು ಅಲ್ಲಿಯ ಶಾಸನವು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಹೇಳುತ್ತದೆ. ಆ ಮಂಟಪದ ಮುಚ್ಚಿಗೆಯಲ್ಲಿರುವ ವರ್ಣಚಿತ್ರಗಳನ್ನು ಕತ್ತೆತ್ತಿ ನೋಡದ ಯಾತ್ರಿಕನಿಲ್ಲ. ಕಾಮನು ಶಿವನ ಮೇಲೆ ಬಾಣ ಹೂಡಿದ್ದಾನೆ. ಗಿರಿಜೆಯ ಮದುವೆ ನಡೆದಿದೆ. ಮತ್ತೊಂದು ಕಡೆ ವಿದ್ಯಾರಣ್ಯರೆಂದು ಹೇಳುವ ಗುರುಗಳು ಪಲ್ಲಕ್ಕಿಯಲ್ಲಿ ಆನೆ ಕುದುರೆಗಳ ಮೆರವಣಿಗೆಯೊಡನೆ ಹೊರಟಿದ್ದಾರೆ. ಚಿತ್ರಗಳ ಕಾಲದ ಬಗ್ಗೆ ಒಮ್ಮತವಿಲ್ಲ, ಕೆಲವರು ಅವನ್ನು 19ನೆಯ ಶತಮಾನದ ವರೆಗೆ ತರುತ್ತಾರೆ. ಕಾಲವು ಯಾವುದೇ ಇರಲಿ, ಹರಿಹರನ ಕಾವ್ಯವಸ್ತುವೂ ಸಾಮ್ರಾಜ್ಯದ ಕಥೆಯೂ ಒಂದೇ ಮುಚ್ಚಿಗೆಯ ಕೆಳಗೆ ಹೀಗೆ ಮಗ್ಗುಲಾಗಿವೆ. ಮಂಟಪವು ಅರಸನದು, ಮದುವೆಯ ಕಥೆಯು ಕ್ಷೇತ್ರದ್ದು. ಬಹುಶಃ ನಮ್ಮ ವಿಮರ್ಶಕರ ಗೊಂದಲವು ಇಲ್ಲಿಯೇ ಹುಟ್ಟಿರಬೇಕು.

ಅರಸರ ದೊಡ್ಡ ಆಚರಣೆಯಾದ ಮಹಾನವಮಿಯು ಇಲ್ಲಿ ನಡೆಯುತ್ತಿರಲಿಲ್ಲವೆಂಬುದನ್ನೂ ನೆನೆಯಬೇಕು. ಅದರ ದಿಬ್ಬವು ಅರಮನೆಯ ಆವರಣದಲ್ಲಿದೆ. 1520ರ ಸುಮಾರಿಗೆ ಅದನ್ನು ಕಣ್ಣಾರೆ ಕಂಡ ಪೋರ್ತುಗೀಜ ಪಾಯೆಸನು ಅರಸನು ಅಲ್ಲಿ ಮೂರ್ತಿಯೊಂದನ್ನು ಪೂಜಿಸಿ ಕುದುರೆ ಆನೆಗಳಿಗೆ ಹೂವೆರಚಿದುದನ್ನು ಬಣ್ಣಿಸಿದ್ದಾನೆ. ಅರಮನೆಯ ನಡುವಣ ಗುಡಿಯು ರಾಮನದು. ವಿರೂಪಾಕ್ಷನು ಮಾತ್ರ ದೂರದಲ್ಲಿ ಹೊಳೆಯ ಬಳಿ ತನ್ನ ಬೆಟ್ಟದ ಬುಡದಲ್ಲಿಯೇ ಉಳಿದನು. ಒಪ್ಪದ ದೇವರನ್ನು ಅರಮನೆಯೊಳಕ್ಕೆ ತಂದಿರಿಸಲಿಲ್ಲ; ಅರಸನೇ ಅವನಿದ್ದೆಡೆಗೆ ಹೋಗಬೇಕಾಗಿತ್ತು.

ಸಾಹಿತ್ಯದಲ್ಲಿ ಮುಂದಿನ ಕಥೆಯನ್ನು ಬೇಗ ಹೇಳಬಹುದು. ಇಮ್ಮಡಿ ದೇವರಾಯನ ಕಾಲಕ್ಕೆ ಶಿವಕಾವ್ಯವು ಅರಮನೆಯ ನೆರಳಿಗೆ ಬಂದಿತು. ‘ಶಿವತತ್ತ್ವಚಿಂತಾಮಣಿ’ಯ ಲಕ್ಕಣ್ಣನು ಸ್ವತಃ ದಂಡೇಶ. 16ನೆಯ ಶತಮಾನದ ಕಡೆಗೆ ಅದೃಶ್ಯಕವಿಯು ‘ಪ್ರೌಢರಾಯನ ಕಾವ್ಯ’ವನ್ನು ಬರೆಯುವ ಹೊತ್ತಿಗೆ ಅದೇ ಅರಸನು ಶರಣರ ಕಥೆಗಳನ್ನು ಕುಳಿತು ಕೇಳುವ ಭಕ್ತನಾಗಿದ್ದಾನೆ. ಹರಿಹರನ ಹಟದ ನಿಜವಾದ ವಾರಸುದಾರನನ್ನು ಹುಡುಕುವುದಾದರೆ ವೈಷ್ಣವನಾದ ಗದುಗಿನ ನಾರಣಪ್ಪನ ಕಡೆಗೇ ಹೋಗಬೇಕು. ಅಂಕಿತವನ್ನು ಊರ ದೇವರಾದ ವೀರನಾರಾಯಣನಿಗೆ ಕೊಟ್ಟು, ಅರಸನ ಮಾತೆತ್ತದೆ ಅರಸರ ಕಥೆಯಾದ ಭಾರತವನ್ನು ಬರೆದವನು ಅವನು.

ನಮ್ಮ ಧಾರವಾಡದವರಿಗೆ ಈ ವಿಚಾರವು ಬರಿಯ ಹಳೆಯ ಕಾಲದ್ದಲ್ಲ. 1905ರಲ್ಲಿ ಹಂಪೆಯನ್ನು ಕಂಡುಬಂದ ಆಲೂರ ವೆಂಕಟರಾಯರಿಗೆ ಆ ದರ್ಶನವೇ ಬಾಳಿನ ತಿರುವಾಯಿತು. 1917ರ ‘ಕರ್ನಾಟಕ ಗತವೈಭವ’ವು ಆ ಕಾವಿನಿಂದ ಬಂದುದು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕಸಂಪುಟವು ಅಚ್ಚಾದುದು ಧಾರವಾಡದಲ್ಲಿಯೇ. ಆ ಹಿರಿಯರಿಗೆ ಹಂಪೆಯು ಒಡೆದುಹೋದ ನಾಡಿನ ಒಂದುಗೂಡಿದ ಮುಖವಾಗಿ ಕಂಡಿತು, ವಿರೂಪಾಕ್ಷನು ಆ ನಾಡಿನ ದೇವರಾದನು. ಮುಂಬಯಿ, ಮದರಾಸು, ನಿಜಾಮ ಸೀಮೆಗಳಲ್ಲಿ ಹಂಚಿಹೋದ ಜನಕ್ಕೆ ಅದು ಬೇಕಾಗಿತ್ತು. 1956ರ ಏಕೀಕರಣಕ್ಕೆ ಅದು ಕೊಟ್ಟ ಹುರುಪನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಕಣ್ಣಿನಿಂದ ಹರಿಹರನನ್ನು ಓದಿದಾಗ ನಾವು ಕಳೆದುಕೊಂಡದ್ದೂ ಉಂಟು. ಅರಮನೆಯನ್ನು ಬಿಟ್ಟವನನ್ನು ಮತ್ತೆ ಅರಮನೆಯೊಳಗೆ ಕೂಡಿಸಿದೆವು. ಉಪಾಧ್ಯಾಯರು ‘ಪಂಪಾಶತಕ’ವನ್ನು ಹೇಳಿಕೊಡುವಾಗ ಕೃಷ್ಣದೇವರಾಯನ ಗೋಪುರದ ಚಿತ್ರವನ್ನು ಗೋಡೆಗೆ ತೂಗಹಾಕುವ ಬದಲು ಹೇಮಕೂಟದ ಆ ಸಣ್ಣ ಗುಡಿಗಳ ಚಿತ್ರವನ್ನು ತೂಗಹಾಕಿದರೆ ಕವಿಯ ದೇವರು ಮಕ್ಕಳಿಗೆ ಹೆಚ್ಚು ಹತ್ತಿರವಾದಾನು.

ಮೈಸೂರಿನ ಚಾಮುಂಡಿಯನ್ನು ಇಲ್ಲಿ ಹೋಲಿಸಿ ನೋಡುವುದು ಉಚಿತ. ಆ ಬೆಟ್ಟದ ಹಳೆಯ ದೇವರು ಮಹಾಬಲೇಶ್ವರ. ಒಡೆಯರ ಮನೆದೇವತೆಯಾಗಿ ಚಾಮುಂಡಿಯು ಬೆಳೆದಂತೆಲ್ಲ ಬೆಟ್ಟವು ಅವಳ ಹೆಸರನ್ನೇ ತಾಳಿತು, ಮಹಾಬಲನು ಬದಿಗೆ ಸರಿದನು. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದರು. ಅಲ್ಲಿ ಅರಸು ಮನೆತನವು ದೇವತೆಯನ್ನು ಎತ್ತಿ ಹಿಡಿಯಿತು, ದೇವತೆಯು ಮನೆತನವನ್ನು ಕಾಯ್ದಳು. ಇಬ್ಬರ ಕೀರ್ತಿಯೂ ಒಂದೇ ಬಳ್ಳಿಯಲ್ಲಿ ಬೆಳೆಯಿತು. 1971ರಲ್ಲಿ ರಾಜಧನವು ರದ್ದಾಗಿ ಅರಸರ ಜಂಬೂಸವಾರಿ ನಿಂತುಹೋದ ಮೇಲೆ ಚಿನ್ನದ ಅಂಬಾರಿಯಲ್ಲಿ ಕೂಡುವವಳು ಚಾಮುಂಡೇಶ್ವರಿ. ಹರಿಹರನು ಕಾವ್ಯದಲ್ಲಿ ಮಾಡಿದ್ದನ್ನು ಕಾಲವು ಅಲ್ಲಿ ಬೀದಿಯಲ್ಲಿ ಮಾಡಿತೆನ್ನಬಹುದು. ಆದರೆ ಅಲ್ಲಿ ದೇವತೆಯು ಬಂದದ್ದು ಅರಸನು ಎದ್ದುಹೋದ ಮೇಲೆ. ಹಂಪೆಯ ದೇವರು ಅರಸನು ಬರುವ ಮೊದಲೇ ಕುಳಿತಿದ್ದನು.

1565ರ ರಕ್ಕಸತಂಗಡಿಯ ಯುದ್ಧದ ಬಳಿಕ ಅರಸರು ಪೆನುಗೊಂಡೆಗೆ ಹೊರಟುಹೋದರು. ಕೆಲವು ವರ್ಷ ಒಪ್ಪವೂ ಅವರ ಜೊತೆಗೆ ಹೋಯಿತು. ಹಂಪೆಯನ್ನು ಬಿಟ್ಟ ಸದಾಶಿವರಾಯನ ಹೆಸರಿನ ಶಾಸನಗಳಲ್ಲಿ ಹಂಪೆಯ ದೇವರ ಹೆಸರು ಉಳಿಯಿತು. ಅರವೀಡು ವಂಶದ ವೆಂಕಟಪತಿರಾಯನ ಕಾಲಕ್ಕೆ ಅದೂ ಬದಲಾಗಿ, ಒಪ್ಪದ ಸ್ಥಳದಲ್ಲಿ ‘ಶ್ರೀ ವೇಂಕಟೇಶ’ ಎಂದು ಬಂದಿತು. ಬೆಟ್ಟದ ದೇವರ ಸ್ಥಳಕ್ಕೆ ಇನ್ನೊಂದು ಬೆಟ್ಟದ ದೇವರು ಬಂದನು. ಹೇಮಕೂಟದ ಬುಡದಲ್ಲಿ ಫಲಪೂಜೆಯೂ ತೇರೂ ನಡೆದುಕೊಂಡೇ ಬಂದಿವೆ.